ಖಾಲಿ ಬಿಡುವಂತಿಲ್ಲ

ಎಸ್ಪಿ ಆಫೀಸಿನ ಎದುರು ನನ್ನ ಝೆರಾಕ್ಸ್ ಅಂಗಡಿ.
ಜುಲೈ ಬಂತಂದ್ರ ತಸ್ನೀಮ್ ಆಪಾ ಬರ್ತಾಳ,
ಕಂಕುಳಾಗ ಸೀರಿ ಅಂಗಡಿಯ ಹಳೇ ಕೈಚೀಲ,
ಅದರಾಗ ಪ್ಲಾಸ್ಟಿಕ್ ಕವರು, ಕವರಿನಾಗ ಇನ್ನೊಂದು ಕವರು,
ಅದರಾಗ ಹಸಿರು ಪಾಸ್‌ಪೋರ್ಟು.
ಒಲಿ ಮ್ಯಾಲಿನ ಹಾಲು ಕಾಯ್ದಂಗ ಅದನ್ನ ಕಾಯ್ತಾಳ.

ಮೂವತ್ತೊಂದು ವರ್ಷ ಆತು ಅಕಿ ಬೀದರಿಗೆ ಬಂದು.
ಗಂಡ ಖಲೀಲ ಸೋದರತ್ತಿ ಮಗ, ಹೊಲಿಗಿ ಮಷೀನ್ ರಿಪೇರಿ.
ಅಜ್ಜ ಇಲ್ಲಿಂದಲೇ ಕರಾಚಿಗೆ ಹೋದಾತ,
ಮೊಮ್ಮಗಳು ತಿರುಗಿ ಬಂದಾಳ, ಅಷ್ಟ.
ಆ ‘ಅಷ್ಟ’ ಅನ್ನೂದಕ್ಕ ಫಾರ್ಮಿನಾಗ ಖಾನೆ ಇಲ್ಲ.

ಪೌರತ್ವದ ಅರ್ಜಿ ಯಾವ ಫೈಲಿನಾಗೋ ಮಲಗ್ಯದ.
ಅದು ಏಳೂತನ ಅಕಿ ಮಲಗೂ ಹಂಗಿಲ್ಲ.
ವೀಸಾ ಮುಗಿಯೂದರೊಳಗ ಇನ್ನೊಂದು ವೀಸಾ,
ಅದಕ್ಕ ಪಾಸ್‌ಪೋರ್ಟು ಜೀವಂತ ಇರಬೇಕು,
ಪಾಸ್‌ಪೋರ್ಟಿಗೆ ದಿಲ್ಲಿಗೆ ಬರೀಬೇಕು,
ದಿಲ್ಲಿ ತನಗ ನೆನಪಾದಾಗ ಬರೀತದ.
ಒಂದು ದಿನ ತಪ್ಪಿದ್ರ ಮೂವತ್ತೊಂದು ವರ್ಷ ತಪ್ಪಿದಂಗ.
ಚಿಕುನ್‌ಗುನ್ಯಾ ಬಂದು ಕೈಕಾಲು ಹಿಡಿದ ವರ್ಷ
ಆಟೋದಾಗ ಬಂದು, ನನ್ನ ಬಿಳಿ ಗ್ವಾಡಿಗೆ ಆತು ನಿಂತಳು.
“ಕಿವಿ ಕಾಣಿಸಬೇಕೇನು ಬೇಟಿ?”
ಪ್ರತೀ ಸಲ ಇದನ್ನೇ ಕೇಳ್ತಾಳ.

ಮಗಳನ್ನ ಜಹೀರಾಬಾದಿಗೆ ಕೊಟ್ಟಾಳ.
ಇಲ್ಲಿ ಹಾಕಿದ ಎಲಿ ಉಗುಳೂದರೊಳಗ ಬರೂ ಊರು.
ಆದ್ರ ಜಿಲ್ಲಾ ದಾಟ್ಲಾಕ ಪರವಾನಗಿ ಬೇಕು.
ಶನಿವಾರ ರಾತ್ರಿ ಮಗಳಿಗೆ ನೋವು ಎದ್ದಿತು,
ಸೋಮವಾರ ಸಾಹೇಬರ ಸಹಿ ಆತು,
ಕೂಸು ನಡುವಿನ ದಿನ ಹುಟ್ಟಿತ್ತು.
“ಹೋಗಬೇಕಿತ್ತು ಆಪಾ, ಬಸ್ಸಿನಾಗ ಯಾರು ಕೇಳ್ತಾರ?”
“ಯಾರೂ ಕೇಳಂಗಿಲ್ಲ. ನಂಗೂ ಗೊತ್ತದ.
ಒಂದು ಹೆಜ್ಜಿ ಕದ್ದು ಇಟ್ರ
ಹಿಂದಿನ ಹೆಜ್ಜಿ ಎಲ್ಲಾ ಕದ್ದವೇ ಅಂತಾರ.”

ನಾನೂ ಹೊರಗಿನಾಕಿನೇ, ಉದಗೀರದಾಕಿ.
ಲಗ್ನದ ಮರುದಿನ ಟೆಂಪೋದಾಗ ಬಂದೆ,
ಒಂದು ಟ್ರಂಕು, ಎರಡು ಹಂಡೆ, ಉಡಿಯಾಗ ಅಕ್ಕಿ.
ಕಮಲನಗರ ಬಂದಾಗ ನಂಗ ನಿದ್ದಿ.
ಗಡಿ ಎಲ್ಲಿತ್ತು ಅಂತ ಇವತ್ತಿಗೂ ಗೊತ್ತಿಲ್ಲ.

ಈ ಸಲ ಕಂಪ್ಯೂಟರಿನಾಗ ಆ ಖಾನೆ ಬಂತು:
ಸ್ವದೇಶದಾಗಿನ ವಿಳಾಸ. ಬಾಜೂಕ ಕೆಂಪು ಚುಕ್ಕಿ.
ಹೋದ ವರ್ಷದ್ದನ್ನೇ ಇಳಿಸ್ಲಾಕ ಹತ್ತಿದ್ದೆ.
“ಅದು ಬ್ಯಾಡ,” ಅಂದಳು.
“ಭಾಯಿಜಾನ್ ಚಳಿಗಾಲದಾಗ ಹೋದ.
ಮನಿ ಮಾರಿ ಕೆಡವ್ಯಾರ. ಖಾಲಿ ಬಿಡು.”

ಖಾಲಿ ಬಿಟ್ಟೆ, ಒತ್ತಿದೆ. ಆಗಲಿಲ್ಲ.
ಒಂದು ಗೆರಿ ಎಳೆದೆ, ಒತ್ತಿದೆ. ಆಗಲಿಲ್ಲ.
ಇಲ್ಲಿ ಇರಬೇಕಂದ್ರ
ಅಲ್ಲೊಂದು ಮನಿ ನಿಂತಿರಬೇಕು.
ಮೂಲಿಯಾಗ ನಿಮಿಷ ಇಳಿಯುತ್ತಿದ್ದವು: ಆರು, ಐದು.
ಹಿಂದ ಪಾಳಿಯಾಗ ನಿಂತವರು ಕೆಮ್ಮಿದರು.

ಆಪಾ ಕಣ್ಣು ಮುಚ್ಚಿ ಹೇಳ್ಲಾಕ ಸುರು ಮಾಡಿದಳು:
ನೀಲಿ ಬಾಗಿಲ, ಕೆಳಗಿನ ಬಿಜಾಗರಿ ಸಡಲ,
ಎದುರು ಹಾಲಿನಾತನ ಕಟ್ಟಿ,
ಮೂರನೇ ಮೆಟ್ಟಲ ಒಡದದ, ನೋಡಿ ಕಾಲಿಡು…
ನಾನು ಹಳೇ ಮನಿ ನಂಬರ್ ಹೊಡೆದೆ,
ಲಾಲೂಖೇತ್, ಕರಾಚಿ.
ಸರಕ್ಕನ ತಗೊಂಡಿತು.

“ಇದು ಸುಳ್ಳಲ್ಲೇನು ಬೇಟಿ?”

ಪ್ರಿಂಟರಿಗೆ ಕಾಗದ ತುಂಬುವ ನೆವದಾಗ ಬಗ್ಗಿದೆ.
ಮೂರು ಪ್ರತಿ ಎಣಿಸಿ, ಕವರಿನಾಗ ಕವರಿಟ್ಟು,
ಬ್ಯಾಡಂದ್ರೂ ಮೂವತ್ತು ರೂಪಾಯಿ ಗಾಜಿನ ಮ್ಯಾಗಿಟ್ಟು
ರಸೀದಿ ಕೇಳಿದಳು.
ಝೆರಾಕ್ಸಿಗೆ ಯಾರು ರಸೀದಿ ಕೇಳ್ತಾರ?
ಕೈಲೆ ಬರೆದು ಕೊಟ್ಟೆ.

ಪಾಳಿಯ ಮುಂದಿನ ಹುಡುಗ ಫಾರ್ಮ್ ಚಾಚಿದ,
ಮುನ್ನೂರಾ ಎಪ್ಪತ್ತೊಂದು ಜೆ, ನೌಕರಿಗೆ.
“ಲಗೂ ತುಂಬಕ್ಕಾ. ಹತ್ತು ವರ್ಷ ಇಲ್ಲೇ ಇದ್ದೀನಂತ ಬರಿ.
ಹತ್ತು ಸಾಕಲ್ಲಾ?”

ಆಪಾ ಇನ್ನೂ ಮೆಟ್ಟಲ ಮ್ಯಾಗೇ ಇದ್ದಳು,
ಛತ್ರಿಯ ಗುಂಡಿ ಒತ್ತುತ್ತ. ಅದು ಬಿಚ್ಚವಲ್ಲದು.