ಹಳದಿ ಬೆಂಚು

ಹನ್ನೆರಡೂ ಹತ್ತಕ್ಕೆ ಹೊಳೆಯುವ ಜಾಕೆಟ್ ತೊಟ್ಟು
ನಾನು ಅಂಗಳಕ್ಕೆ ಇಳಿಯುತ್ತೇನೆ.
ಸ್ವಿಂಡನ್ನಿನ ಮಾರ್ಚ್ ಗಾಳಿ. ಮೂಗಿನ ತುದಿ ನನ್ನದಲ್ಲ.
ಇನ್ನೂರು ಮಕ್ಕಳು ಒಂದೇ ಸಲ ಬಾಯಿ ಬಿಟ್ಟರೆ
ತಗಡಿನ ಮೇಲೆ ಕಡಲೆ ಸುರಿದ ಹಾಗೆ.
ಹಂಚಿನಮನಿ ಎನ್ನಲು ಬಾರದೆ ಅವರು
ಮಿಸೆಸ್ ಹಂಚ್ ಅನ್ನುತ್ತಾರೆ. ಇರಲಿ,
ಹಂಚಾದರೂ ಉಳಿಯಿತು; ಮನಿ ಹೋಯಿತು.

ಅವನು ಬೇಲಿಯ ಹತ್ತಿರ.
ಹೋ-ಯಿನ್. ಏಳು ವರ್ಷ.
ಹಾಂಗ್‌ಕಾಂಗಿನಿಂದ ಬಂದು ಇದು ಎರಡನೇ ಚಳಿಗಾಲ.
ಕಬ್ಬಿಣದ ಸರಳುಗಳನ್ನು ಬೆರಳಲ್ಲಿ ಮುಟ್ಟುತ್ತ ಹೋಗಿ
ತುದಿಯಲ್ಲಿ ತಿರುಗಿ ಮತ್ತೆ ಮೊದಲಿನಿಂದ.
ಅಳುವುದಿಲ್ಲ. ಯಾರನ್ನೂ ತಳ್ಳುವುದಿಲ್ಲ.
ಯಾರೋ ಒದ್ದ ಚೆಂಡು ಕಾಲಿಗೆ ಬಂದರೆ
ಎರಡೂ ಕೈಯಲ್ಲಿ ಎತ್ತಿ, ಎಲೆ ಅಡಿಕೆ ಕೊಡುವವನಂತೆ
ಮರಳಿ ಕೊಡುತ್ತಾನೆ. ಅಷ್ಟೇ.

ನನಗೊಂದು ಹಾಳೆ ಕೊಟ್ಟಿದ್ದಾರೆ.
ಎರಡು ವಾರ, ಐದು ನಿಮಿಷಕ್ಕೊಮ್ಮೆ ಗುರುತು ಹಾಕಬೇಕು:
ಒಂಟಿ. ಪಕ್ಕದಲ್ಲಿದ್ದರೂ ಒಂಟಿ. ಜೊತೆಗೆ.
ಮಿಸ್ ಪ್ರಾಸರ್ ಕೆಟ್ಟವಳಲ್ಲ, ಹಾಳೆಯ ಮೇಲೆ
ಅವಳ ಚಹಾದ ಉಂಗುರವಿದೆ, ನಿದ್ದೆಗೆಟ್ಟ ಅಕ್ಷರವಿದೆ.
"ಅವನು ನಮ್ಮೊಳಗೆ ಬರುತ್ತಿಲ್ಲ" ಅಂದಳು.
ನಮ್ಮೊಳಗೆ ಅನ್ನುವಾಗ ನನ್ನ ತೋಳು ಮುಟ್ಟಿದಳು.
ನಾನು ಯಾವಾಗ ಒಳಗೆ ಬಂದೆನೋ, ನನಗೇ ಗೊತ್ತಾಗಲಿಲ್ಲ.

ಗೇಟಿನಲ್ಲಿ ಅವನ ಅಜ್ಜಿ. ಅವಳ ಇಂಗ್ಲಿಷು ಆರು ಮಾತು,
ನನ್ನದು ಅದಕ್ಕಿಂತ ತುಸು ಜಾಸ್ತಿ.
ಗ್ವಾಯ್, ಅನ್ನುತ್ತಾಳೆ ಅವನ ಟೋಪಿ ಸರಿಮಾಡಿ. ಗ್ವಾಯ್.
ಕೈಸನ್ನೆಯಲ್ಲಿ ಅರ್ಥ ಹೇಳಿದಳು: ತುಟಿಗೆ ಬೆರಳು,
ಆಮೇಲೆ ಎದೆಗೆ ಕೈ, ಆಮೇಲೆ ಹೆಬ್ಬೆರಳು ಮೇಲೆ.
ಓ, ಶ್ಯಾಣ್ಯಾ! ಅಂದೆ.
ಶಾನ್ಯಾ, ಶಾನ್ಯಾ ಎಂದು ಬಸ್ ಸ್ಟಾಪಿನವರೆಗೂ
ಬಾಯಿಪಾಠ ಮಾಡಿಕೊಂಡು ಹೋದಳು.

ಹುಬ್ಬಳ್ಳಿ ರೈಲ್ವೆ ಕ್ವಾರ್ಟರ್ಸಿನ ಸಾಲೆಯಲ್ಲಿ
ನಾನೂ ಶ್ಯಾಣ್ಯಾಕಿ. ನಾಲ್ಕು ವರ್ಷ ಬಾಯಿ ತೆರೆಯದೆ
ಬಹುಮಾನಕ್ಕೆ ಕಂಪಾಸ್ ಪೆಟ್ಟಿಗೆ ತಂದೆ.
"ಬಾಯಾಗ ಬಟ್ಟಿಟ್ರೂ ಕಡಿಯಾಕ ಬರೂದಿಲ್ಲ ನಮ್ಮ ಹುಡುಗಿಗೆ,"
ನಮ್ಮವ್ವ ಬಂದವರೆದುರು ಹೇಳುತ್ತಿದ್ದಳು, ಹೆಮ್ಮೆಯಿಂದ.
ಪೆಟ್ಟಿಗೆಯೊಳಗೆ ಒಂದು ಮುಳ್ಳಿತ್ತು.
ಡೆಸ್ಕಿನ ತಳಕ್ಕೆ ನಾನು ಏನೇನು ಕೊರೆದೆ,
ಯಾರೂ ಬಗ್ಗಿ ನೋಡಲಿಲ್ಲ.

ಹಾಗಾಗಿ ಪೆನ್ಸಿಲ್ ಹಿಡಿದು ನಿಂತಾಗ
ಎರಡರ ಮೇಲೂ ನಂಬಿಕೆ ಹುಟ್ಟುವುದಿಲ್ಲ:
ಅಜ್ಜಿಯ ಹೆಬ್ಬೆರಳು, ಈ ಹಾಳೆಯ ಚೌಕ.

ಮೂಲೆಯಲ್ಲಿ ಹಳದಿ ಬೆಂಚು.
ಆಡಲು ಯಾರೂ ಇಲ್ಲದವರು ಅಲ್ಲಿ ಕೂರಬೇಕು,
ಕಂಡವರು ಬಂದು ಕರೆಯಬೇಕು. ಇದು ರೂಲು,
ಅಸೆಂಬ್ಲಿಯಲ್ಲಿ ಚಪ್ಪಾಳೆ ತಟ್ಟಿಸಿ ಹೇಳಿದ್ದು.
ಹೋ-ಯಿನ್ ಒಮ್ಮೆಯೂ ಕೂತಿಲ್ಲ.
ನಾನಾಗಿದ್ದರೂ ಕೂರುತ್ತಿರಲಿಲ್ಲ;
ಕೂತರೆ ಊರಿಗೆಲ್ಲ ಡಂಗುರ ಸಾರಿದ ಹಾಗೆ.

ಗುರುವಾರ ಮಂಡಿನೋವು ಎದ್ದಿತು. ದೊಪ್ಪನೆ ಕೂತೆ,
ಯಾವ ಬೆಂಚು ಅಂತ ನೋಡದೆ.
ಸರಳಿನ ಸದ್ದು ನಿಂತಿತು.
ಆಮೇಲೆ ಪಕ್ಕದಲ್ಲಿ ಒಂದು ನೀಲಿ ಟೋಪಿ,
ನೆಲ ಮುಟ್ಟದ ಎರಡು ಬೂಟು.
ನನ್ನ ಕಡೆ ನೋಡದೆ, ಬೇಲಿಗೆ ಹೇಳುವಂತೆ:
"ಇಲ್ಲಿ ಕೂತರೆ ಯಾರಾದರೂ ಬರಬೇಕು. ಯಾರೂ ಬರಲಿಲ್ಲ."
ತುಸು ತಡೆದು: "ನೂರಾ ಹದಿನಾಲ್ಕು."
ಏನು?
"ಸರಳು. ಒಂದು ಇಲ್ಲ."

ಎಲ್ಲಿ, ತೋರಿಸು, ಅನ್ನುವಷ್ಟರಲ್ಲಿ ಗಂಟೆ.
ಅವನು ಸಾಲಿಗೆ ಓಡಿದ. ಸಾಲಿನ ಕೊನೆಗೆ.
ಹಾಳೆ ತೊಡೆಯ ಮೇಲಿತ್ತು, ಕೊನೆಯ ಚೌಕ ಖಾಲಿ.
ಜೊತೆಗೆ, ಎಂದು ಗುರುತು ಹಾಕಿದೆ.
ಯಾರ, ಎಂದು ಮುಂದಿನ ಕಾಲಮ್ಮು ಕೇಳುತ್ತದೆ.
ಮಿಸೆಸ್ ಹಂಚ್ ಎಂದು ಬರೆಯಲು ಹೋಗಿ
ಹೆಸರು ಪೂರ್ತಿ ಬರೆದೆ.
ಕಾಲಮ್ಮು ಸಾಲಲಿಲ್ಲ.