ಹಲ್ಲಿರುವ ಪದಗಳು

ಶಿವಮೊಗ್ಗೆಯ ಗಾಂಧಿ ಬಜಾರಿನ ಒಳಗಲ್ಲಿ,
ಬಳೆಯಂಗಡಿಯ ಮೇಲೆ ನಮ್ಮ ಬೋರ್ಡು:
ಹು ದಂತ ವೈದ್ಯಶಾಲೆ.
ಹು ಅಂದರೆ ಏನೆಂದು ಯಾರೂ ಕೇಳುವುದಿಲ್ಲ.
ಕೆಮ್ಮಿದ ಹಾಗಿದೆ ಎಂದು ಒಬ್ಬರು ಹೇಳಿದ್ದರು, ಅಷ್ಟೆ.
ಒಂದನೇ ಕ್ಲಾಸಿನ ಮೇಷ್ಟ್ರು
ಶೂಫೆನ್ ಎಂಬುದನ್ನು ಎರಡು ಸಲ ನಾಲಿಗೆಯಲ್ಲಿ ಹೊರಳಿಸಿ
ಶೋಭಾ ಎಂದು ಬರೆದುಕೊಂಡರು.
ಹಾಜರಿ ಪುಸ್ತಕದಲ್ಲಿ ಈಗಲೂ ಅವಳೇ ಇದ್ದಾಳೆ.

ಮೂರು ಸಾವಿರದ ಐನೂರು ಪದ, ಎಂಬತ್ತು ದಿನ.
ಎಕ್ಸ್‌ರೇ ಲಕೋಟೆ ಕತ್ತರಿಸಿ ಚೀಟಿ ಮಾಡಿದ್ದೇನೆ.
ಮಧ್ಯಾಹ್ನ ಕುರ್ಚಿ ಖಾಲಿಯಿದ್ದಾಗ
ಜಬೀನಕ್ಕ ಪ್ಲಾಸ್ಟರ್ ಕಲಸುತ್ತಲೇ ಒಂದು ಎತ್ತುತ್ತಾಳೆ:
'ಇದೇನೇ, ಆಬ್‌ಡ್ಯುರೇಟ್?'
ಮೊಂಡ, ಎನ್ನುತ್ತೇನೆ.
'ಮೊಂಡ ಅನ್ನೋಕೆ ಇಷ್ಟುದ್ದ ಯಾಕೆ?'
ಉತ್ತರ ಚೀಟಿಯ ಹಿಂದೆ ಇರಲಿಲ್ಲ.

ಅಜ್ಜಿ ನನಗೆ ಅಕ್ಷರ ಕಲಿಸಿದ್ದು
ಒಗೆಯುವ ಕಲ್ಲಿನ ಮೇಲೆ, ನೀರಿಗೆ ಬೆರಳದ್ದಿ.
ಮನುಷ್ಯ ಮರಕ್ಕೊರಗಿದರೆ ವಿಶ್ರಾಂತಿ.
ಎದೆಯ ಮೇಲೆ ಕತ್ತಿಯಲಗು ಇಟ್ಟರೆ ತಾಳ್ಮೆ.
ಕೊನೆಯ ಗೆರೆ ಎಳೆಯುವಷ್ಟರಲ್ಲಿ ಮೊದಲಿನದು ಆರಿರುತ್ತಿತ್ತು.
ಕನ್ನಡದ ಒತ್ತಕ್ಷರ ಕಂಡು ಹಿಗ್ಗಿದ್ದು ಅದಕ್ಕೇ:
ಇಲ್ಲೂ ಒಬ್ಬರ ಕೆಳಗೊಬ್ಬರು
ಜಾಗ ಮಾಡಿಕೊಂಡು ಕೂತಿದ್ದಾರೆ.
ಇಂಗ್ಲಿಷಿನಲ್ಲಿ ಇಪ್ಪತ್ತಾರೇ ಮುಖ, ಎಲ್ಲ ಸಾಲಾಗಿ ನಿಂತವು,
ಯಾರು ಯಾರ ಮನೆಯವರೆಂದು ತಿಳಿಯುವುದೇ ಇಲ್ಲ.

'ಹಲ್ಲನ್ನು ಸುಮ್ಮನೆ ಅಲ್ಲಾಡಿಸಬೇಡ,
ಬೇರು ಎತ್ತ ಬಾಗಿದೆ ನೋಡು' ಎನ್ನುತ್ತಾನೆ ಅಪ್ಪ.
ನೋಡತೊಡಗಿದೆ.
ಸ್ಯಾಂಗ್ವಿನ್. ಬೇರಿನಲ್ಲಿ ನೆತ್ತರು, ಅರ್ಥ ಮಾತ್ರ ಭರವಸೆ.
ಹೊಳೆಹೊನ್ನೂರಿನ ಮುದುಕರೊಬ್ಬರು
ಬೇಸಿನ್ನಿಗೆ ಕೆಂಪು ಉಗುಳಿ, ಹತ್ತಿ ಕಚ್ಚಿಕೊಂಡೇ ಕೇಳಿದರು,
'ಹಬ್ಬಕ್ಕೆ ಚಕ್ಕುಲಿ ತಿನ್ನಬೌದಲ್ವ?'
ಆ ಪದ ಮತ್ತೆ ಮರೆಯಲಿಲ್ಲ.

ಮಾರ್ಡಂಟ್: ಚುಚ್ಚುವ ಮಾತು. ಬೇರು, ಕಚ್ಚು.
ರಿಮೋರ್ಸ್: ಅದೇ ಬೇರು. ಮತ್ತೆ ಮತ್ತೆ ಕಚ್ಚು.
ಈ ಭಾಷೆಗೆ ಒಳಗಡೆ ಹಲ್ಲಿದೆ ಎಂದು
ದಂತವೈದ್ಯನ ಮಗಳಿಗೆ ಯಾರೂ ಹೇಳಿರಲಿಲ್ಲ!
ಕನ್ನಡದಲ್ಲಿ ಅದು ಪಶ್ಚಾತ್ತಾಪ, ಆಮೇಲಿನ ಬೇಗೆ,
ಒಲೆ ಆರಿಸಿದ ಮೇಲೆ ಹೆಂಚಿಗೆ ಕೈ ತಾಗಿದಂತೆ.
ಅಜ್ಜಿಯ ಬರಹದಲ್ಲಿ ಒಂದು ಎದೆ,
ಪಕ್ಕದಲ್ಲಿ 'ಪ್ರತಿಸಲ'.
ಮೂರನ್ನೂ ಟ್ರೇಯಲ್ಲಿ, ಇಕ್ಕಳದ ಪಕ್ಕ ಜೋಡಿಸಿಟ್ಟೆ.

ಅಪ್ಪ ಕೈ ಒರೆಸಿಕೊಳ್ಳುತ್ತ ಬಂದು ಇದ್ಯಾವ ಪದ ಎಂದ.
ಹೇಳಿದೆ.
ಸ್ವಲ್ಪ ಹೊತ್ತು ಟ್ರೇಯನ್ನೇ ನೋಡಿದ.
'ನಿನ್ನಜ್ಜನಿಗೆ ಕನ್ನಡದಲ್ಲಿ ನಾಲ್ಕೇ ಮಾತು.
ಬಾಯಿ ತೆಗಿ. ನೋವಾ? ಉಗುಳು. ನಾಳೆ ಬಾ.
ಅಷ್ಟರಲ್ಲೇ ಸಂಸಾರ ನಡೆಸಿದರು.
ಅರವತ್ತೆರಡರ ಚಳಿಗಾಲ, ಅಲ್ಲಿ ಗಡಿಯಲ್ಲಿ ಯುದ್ಧ,
ಇಲ್ಲಿ ವಾರವಾರ ಠಾಣೆಗೆ ಹೋಗಿ ಸಹಿ.
ಅಲ್ಲಿ ಕಲಿತದ್ದು ಐದನೆಯದು: ಇಲ್ಲೇ ಇದ್ದೇನೆ.
ಒಂದು ರಾತ್ರಿ ಅದೇ ದಫೇದಾರ
ದವಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ.
ಬಾಯಿ ತೆಗಿ ಎಂದರು. ಕಿತ್ತರು. ಉಗುಳು ಎಂದರು.
ನೋವಾ ಎಂದು ಮಾತ್ರ ಕೇಳಲಿಲ್ಲ.
ಸಾಯುವ ತನಕ ಅದೇ: ಕೇಳಬೇಕಿತ್ತು,
ಅವನನ್ನೂ ಕೇಳಬೇಕಿತ್ತು.'

ಕೆಳಗೆ ಯಾರೋ ಬಳೆ ತೊಡಿಸಿಕೊಳ್ಳುತ್ತ ನಗುತ್ತಿದ್ದರು.
ನಾನು ಚೀಟಿ ತಿರುಗಿಸಿ
ಅರ್ಥ ಬರೆಯುವ ಜಾಗದಲ್ಲಿ
ನೋವಾ? ಎಂದು ಬರೆದೆ.

ಮರುದಿನ ಜಬೀನಕ್ಕನ ಕೈಗೆ ಅದೇ ಬಂತು.
ಹಿಂದೆ ಮುಂದೆ ನೋಡಿದಳು. 'ಇದು ತಪ್ಪಲ್ವೇನೇ?'
ಪರೀಕ್ಷೆಗೆ ತಪ್ಪು, ಎಂದೆ.
ಅವಳು ಅದನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು
ಮುಂದಿನದು ಎತ್ತಿದಳು.
'ಬೇಗ ಹೇಳು, ಪ್ಲಾಸ್ಟರ್ ಗಟ್ಟಿಯಾಗ್ತಾ ಇದೆ.'