ಎಷ್ಟು ತಟ್ಟೆ

ರೆಡ್ರೂತ್ ಪಟ್ಟಣದ ಮೇಸನ್ ಮಂದಿರ, ಗ್ರಾನೈಟ್ ಗೋಡೆ,
ಹಿಂಬದಿಯ ಅಡುಗೆಮನೆ ನನ್ನದು.
ಮಹಡಿಯಲ್ಲಿ ಏನು ನಡೆಯುತ್ತದೋ ತಿಳಿಯದು,
ಎಷ್ಟು ಜನ ಉಣ್ಣುತ್ತಾರೆ, ಅದು ಗೊತ್ತು.

ಮೊದಲ ಬಾಗಿಲು ಸುಲಭ, ಡೆನ್‌ಜಿಲ್ ಹೇಳಿದ್ದ:
ತಟ್ಟಬೇಕು, ಕೇಳಬೇಕು, ತೆಗೆಯುತ್ತಾರೆ.
ಅದರೊಳಗೆ ಇನ್ನೊಂದಿದೆ, ಗುರುವಾರದವರದ್ದು.
ಅಲ್ಲಿ ಕೇಳಿದವನಿಗೆ ಇಲ್ಲ.
ಕೇಳದೆ ಇದ್ದವನಿಗೂ ಸಾಮಾನ್ಯವಾಗಿ ಇಲ್ಲ.
ಇಪ್ಪತ್ತೇಳೇ ಕುರ್ಚಿ. ಒಬ್ಬ ಸತ್ತರೆ
ಉಳಿದವರು ಯಾರದೋ ಹೆಸರು ಪಿಸುಗುಟ್ಟಿ
ಅರಗಿನ ಮುದ್ರೆಯೊತ್ತಿ ಕರೆಯೋಲೆ ಕಳಿಸುತ್ತಾರೆ.

ಬಸ್ ಡಿಪೋದಲ್ಲಿ ಇಂಜಿನ್ ಬಿಚ್ಚುವವನು ಡೆನ್‌ಜಿಲ್ ಟ್ರೆಂಬಾತ್.
ಹತ್ತೊಂಬತ್ತು ವರ್ಷ ಅವರ ಕುರ್ಚಿ ಒರೆಸಿದ,
ಕತ್ತಿ ಉಜ್ಜಿದ, ಬಲ್ಬು ಬದಲಿಸಿದ,
ಅವರು ಮೆಟ್ಟಿಲೇರುವ ಹೊತ್ತಿಗೆ ಕೆಳಗಿಳಿದು
ನನ್ನ ಒಲೆಯ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದ.
ಬಿಳಿ ಕೈಗವಸು ಬಿಚ್ಚಿದರೆ ಉಗುರಿನಂಚಿಗೆ ಗ್ರೀಸು.
ನಿಂಬೆ, ಸಕ್ಕರೆ, ಸೀಮೆಎಣ್ಣೆ, ಎಲ್ಲ ಹಚ್ಚಿ ನೋಡಿದೆವು.
ಅವನಿಗೆ ಕರೆ ಬರಲಿಲ್ಲ,
ಅವನ ಕೈಯ ಕರೆ ಹೋಗಲಿಲ್ಲ.

"ಇವತ್ತು ಎಷ್ಟು ತಟ್ಟೆ, ಮೊರ್ವೆನಾ?"
ಹಾಗೆ ಕೇಳಿದರೆ ಕೇಳಿದಂತಲ್ಲ ಅಂದುಕೊಂಡಿದ್ದ, ಪಾಪ.
ಇಪ್ಪತ್ತಾರು ಅಂದರೆ ಕಿವಿ ಕೆಂಪಾಗುತ್ತಿತ್ತು.
ಮುಂದಿನ ತಿಂಗಳು ಇಪ್ಪತ್ತೇಳು: ಬ್ಯಾಂಕಿನ ಹುಡುಗ, ದಂತವೈದ್ಯ,
ಒಮ್ಮೆ ಶವಪೆಟ್ಟಿಗೆ ಮಾರುವವನ ಅಳಿಯ.
ಡೆನ್‌ಜಿಲ್ ನಕ್ಕು, ಸೂಪಿಗೆ ಮೆಣಸಿನಪುಡಿ
ಬೇಕಾದ್ದಕ್ಕಿಂತ ಜಾಸ್ತಿ ಉದುರಿಸಿಕೊಳ್ಳುತ್ತಿದ್ದ.

ಈ ಮಾರ್ಚಿನಲ್ಲಿ ಕಾರ್ಯದರ್ಶಿಯ ಚೀಟಿ ಬಂತು.
ಇಪ್ಪತ್ತೇಳು. ಕುರಿಮಾಂಸ, ಟರ್ನಿಪ್ಪು, ಪುಡಿಂಗು.
ಕೆಳಗೆ ಪೆನ್ಸಿಲಿನಲ್ಲಿ, ಒಬ್ಬರಿಗೆ ಮೊಟ್ಟೆ ಆಗದು.
ಮೊಟ್ಟೆ ತಿಂದರೆ ತುಟಿ ಊದುವವನು
ನನಗೆ ತಿಳಿದಂತೆ ಈ ಊರಲ್ಲಿ ಒಬ್ಬನೇ.
ಅವನ ಮನೆಗೆ ಅಂಚೆ ತಲುಪಲು ಇನ್ನೂ ಎರಡು ದಿನ.
ಚೀಟಿಯನ್ನು ಹಿಟ್ಟಿನ ಡಬ್ಬಿಯಲ್ಲಿಟ್ಟೆ. ಹೇಳಲಿಲ್ಲ.
ಅವನು ಬಂದು ಅದೇ ಸ್ಟೂಲಿನಲ್ಲಿ ಕೂತು
ಕೆಟ್ಟುಹೋದ ಗೇರ್‌ಬಾಕ್ಸಿನ ಬಗ್ಗೆ ಒಂದು ಗಂಟೆ ಮಾತಾಡಿದ.
ಅಷ್ಟು ಗಮನವಿಟ್ಟು ನಾನು ಯಾವತ್ತೂ ಕೇಳಿಸಿಕೊಂಡಿರಲಿಲ್ಲ.

ಈಗ ಗುರುವಾರ ಅವನು ಮೇಲಿರುತ್ತಾನೆ.
ಮೊಟ್ಟೆಯಿಲ್ಲದ ಬಟ್ಟಲಿಗೆ ಗುರುತಿಗೊಂದು ಲವಂಗ ಚುಚ್ಚಿ
ಬಾಗಿಲ ತನಕ ಒಯ್ಯುತ್ತೇನೆ. ಕಾವಲಿನವನು
ಕತ್ತಿಯನ್ನು ಕಂಕುಳಲ್ಲಿ ಇರುಕಿಕೊಂಡು ತಟ್ಟೆ ಹಿಡಿಯುತ್ತಾನೆ.
ಒಳಗೆ ನಗು. ಅವನದೂ ಇರಬಹುದು.

ಸ್ಟೂಲಿನ ಮೇಲೀಗ ಆಲೂಗಡ್ಡೆ ಚೀಲ.
ಹತ್ತೊಂಬತ್ತು ವರ್ಷದಲ್ಲಿ ಒಂದು ಸಲ
ಭಾನುವಾರ ಮನೆಗೆ ಬಾ ಅನ್ನಬಹುದಿತ್ತು ನಾನು.
ಅವನೇ ಕೇಳಲಿ ಎಂದು ಕಾದೆ.
ಕೇಳಬಾರದು ಎಂದು ಅವನಿಗೆ ಕಲಿಸಿದ್ದರು.